ಮೊದಲ ಸಭೆಗೆ ಹೋಗಲು ನಾಚಿಕೆ ಬೇಡ



ಕಡಲೆಗೆ ಕಾಯಿಕೊರಕ ಹುಳ ಬಿದ್ದರೆ ನೀವು ಕಾಯಿಯನ್ನು ಕೈಯಲ್ಲಿ ಹಿಡಿದು ನಮ್ಮ ಕಚೇರಿಗೆ ಬರುತ್ತೀರಿ. ಅದಕ್ಕೆ ನಾಚುವುದಿಲ್ಲ. ಮನೆಗೆ ಕುಡಿತ ಹೊಕ್ಕಾಗ ಮಾತ್ರ ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಈ ವಾರ ಬೆಳೆಯ ಮಾತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಅಸುಂಡಿಯ ಹೊಲವೊಂದರಲ್ಲಿ, ಔಷಧ ಹೊಡೆಯಲು ತಡಮಾಡಿದ ರೈತರೊಬ್ಬರನ್ನು ಗದರಿದ್ದೆ. ಅವರು ತಲೆ ತಗ್ಗಿಸಿ ನಿಂತರು. ಅವರ ಮನೆಯವರು ಮುಂದೆ ಬಂದು, “ಸಾಹೇಬ್ರ, ಹುಳ ಕಡ್ಲಿಗಷ್ಟ ಹತ್ತಿಲ್ರಿ, ಮನೀಗೂ ಹತ್ತೇತ್ರಿ” ಎಂದರು. ಆಗ ಆ ರೈತರ ಕೈ ನೋಡಿದೆ. ಬೆಳಗಿನ ಹೊತ್ತಿನಲ್ಲೇ ನಡುಗುತ್ತಿತ್ತು. ಅಂಥ ಕೈಗೆ ವಿಷದ ಡಬ್ಬಿ ಹಿಡಿಯಲು ಹೇಳುತ್ತಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಅವರು ಬಿಡಲು ಯತ್ನಿಸದೆ ಇರಲಿಲ್ಲ. ದೇವರ ಮುಂದೆ ಆಣೆ ಮಾಡಿದ್ದರು, ಮಗಳ ತಲೆ ಮುಟ್ಟಿ ಹೇಳಿದ್ದರು. ಸುಗ್ಗಿಯ ಹಣ ಕೈಗೆ ಬಂದ ದಿನ ಆಣೆ ಮುರಿದಿತ್ತು. ಇದನ್ನು ಕೆಟ್ಟ ನಡತೆಯೆಂದು ಬೈದು ಫಲವಿಲ್ಲ. ಚಟ ಅಂಟಿದ ಮೇಲೆ ಅದು ಕಾಯಿಲೆ. ಕರಿಕೆಯನ್ನು ಮೇಲೆ ಕೊಯ್ದರೆ ಮಳೆ ಬಿದ್ದೊಡನೆ ಚಿಗುರುತ್ತದೆ. ಅದರ ಬೇರು ಅಗೆಯಲು ಒಬ್ಬನ ಕೈ ಸಾಲದು, ಮುಯ್ಯಾಳು ಬೇಕು.

ಗದಗ ತಾಲೂಕಿನವರಿಗೆ ಇದು ಹೊಸ ಪಾಠವಲ್ಲ. ಸಾಲದಿಂದ ರೈತ ಒಬ್ಬಂಟಿಯಾಗಿ ಪಾರಾಗಲಾರನೆಂದು 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಕುಡಿತಕ್ಕೂ ಅದೇ ಮಾತು ಸಲ್ಲುತ್ತದೆ. 1935ರಲ್ಲಿ ಅಮೆರಿಕದ ಇಬ್ಬರು ಕುಡಿತಗಾರರು, ಅವರಲ್ಲೊಬ್ಬರು ಡಾಕ್ಟರು, ಒಬ್ಬರ ಕಷ್ಟ ಇನ್ನೊಬ್ಬರಿಗೆ ಹೇಳಿಕೊಂಡೇ ಕುಡಿತದಿಂದ ದೂರ ಉಳಿದರು. ಅಲ್ಲಿಂದ ಬೆಳೆದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಆಮೇಲೂ ನವಜೀವನ ಸಮಿತಿಯಾಗಿ ಸೇರುತ್ತಾರೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಚಟಗಳನ್ನೇ ಭಿಕ್ಷೆ ಬೇಡಿದ್ದು ನಿಮಗೆ ಗೊತ್ತು. ಜೋಳಿಗೆಗೆ ಚಟ ಹಾಕಿದವನಿಗೆ ಮರುದಿನ ಸಂಜೆ ಜೊತೆ ಬೇಕಲ್ಲವೇ? ಆ ಜೊತೆಯೇ ಸಭೆ.

ಸಭೆಯಲ್ಲಿ ಏನು ನಡೆಯುತ್ತದೆ? ಹತ್ತಾರು ಮಂದಿ ಕುಳಿತಿರುತ್ತಾರೆ. ಅವರೂ ಕುಡಿದು ಕೆಟ್ಟವರೇ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಅನಾನಿಮಸ್ ಕೂಟದಲ್ಲಿ ಪೂರ್ತಿ ಹೆಸರು, ಊರು, ಜಾತಿ ಕೇಳುವುದಿಲ್ಲ. ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಮಾತಾಡಲೇಬೇಕೆಂದಿಲ್ಲ, ಕೇಳಿಕೊಂಡು ಎದ್ದು ಬಂದರೂ ಆಯಿತು. ಜನ್ಮಪೂರ್ತಿ ಬಿಡುತ್ತೇನೆಂಬ ಆಣೆಯನ್ನೂ ಕೇಳುವುದಿಲ್ಲ. ಇವತ್ತೊಂದು ದಿನ ಕುಡಿಯಬೇಡ, ನಾಳೆಯದು ನಾಳೆಗೆ ಎನ್ನುತ್ತಾರೆ.

ಸಭೆ ಎಲ್ಲಿ ನಡೆಯುತ್ತದೆಂದು ತಿಳಿಯಲು 14446 ಸಂಖ್ಯೆಗೆ ಫೋನು ಮಾಡಿರಿ. ಅದು ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416 ಇದೆ. ಗದುಗಿನ ಸರಕಾರಿ ದೊಡ್ಡಾಸ್ಪತ್ರೆಯ ಮನೋವೈದ್ಯರನ್ನೂ ಕೇಳಬಹುದು. ನಿಮ್ಮೂರಿನಲ್ಲಿ ಧರ್ಮಸ್ಥಳ ಸಂಘವಿದ್ದರೆ ಮುಂದಿನ ಶಿಬಿರ ಎಲ್ಲಿ ಎಂದು ವಿಚಾರಿಸಿರಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ದಿನಾಲೂ ಬೆಳಗಿನಿಂದಲೇ ಕುಡಿಯುವವರು ತಟ್ಟನೆ ನಿಲ್ಲಿಸಬಾರದು. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯ. ಮೊದಲು ಡಾಕ್ಟರನ್ನು ಕಂಡು ಅವರು ಹೇಳಿದಂತೆ ಬಿಡಿರಿ. ಎರಡನೆಯದು, ಕುಡಿತ ಬಿಡಿಸುವ ಗುಳಿಗೆಯನ್ನು ಗುಟ್ಟಾಗಿ ಊಟದಲ್ಲಿ ಬೆರೆಸಬೇಡಿರಿ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವ ಹೋದೀತು.

ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಸಾರಾಯಿ ಅಂಗಡಿ ಬೇಡವೆಂದು ನಮ್ಮ ಅಕ್ಕ-ತಂಗಿಯರು ಹೋರಾಡಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಕುಡಿತ ನಿಲ್ಲಲಿಲ್ಲ. ಅಂಗಡಿ ಮುಚ್ಚಿಸಿದರೆ ಅರ್ಧ ಕೆಲಸ ಮಾತ್ರ. ಕುಡಿಯುವವನಿಗೆ ಹೋಗಿ ಕೂರಲು ಬೇರೆ ಜಾಗ ಕೊಡುವುದು ಉಳಿದರ್ಧ. ಸಭೆಗೆ ಹೋದವನನ್ನು ಕಟ್ಟೆಯ ಮೇಲೆ ಕೂತು ಹಂಗಿಸಬೇಡಿರಿ. ದವಾಖಾನೆಗೆ ಹೋಗಿ ಬಂದವನನ್ನು ಹಾಗೆ ಹಂಗಿಸುತ್ತೀರಾ?

ಆ ರೈತರು ಮೊದಲ ವಾರ ಸಭೆಯ ಬಾಗಿಲಿನಿಂದಲೇ ಬಸ್ಸಿಗೆ ಮರಳಿದ್ದರು. ಎರಡನೆಯ ವಾರ ನಾನು ಬಾಗಿಲಿನವರೆಗೆ ಜೊತೆಗೆ ಹೋದೆ. ಒಳಗೆ ತಮ್ಮ ಹೆಸರನ್ನಷ್ಟೇ ಹೇಳಿದರಂತೆ. ಹೊರಬಂದು, “ನನ್ನಂಥವ್ರು ಭಾಳ ಮಂದಿ ಅದಾರ್ರಿ” ಎಂದರು. ನಡುವೆ ಒಮ್ಮೆ ಜಾರಿದರು, ಮತ್ತೆ ಹೋದರು. ಈಗ ಅವರ ಕೈ ನಡುಗುವುದಿಲ್ಲ. ಕಳೆದ ಹಿಂಗಾರಿಗೆ ಕೂರಿಗೆಯನ್ನು ತಾವೇ ಹಿಡಿದಿದ್ದರು.

ವಾಚನಾಲಯದಲ್ಲಿ ಇದನ್ನು ಓದುತ್ತಿರುವ ನಿಮಗೂ ಅಂಥ ಒಬ್ಬರ ನೆನಪು ಬಂದಿರಬೇಕು. ಈ ವಾರ ಅವರ ಮನೆಗೆ ಹೋಗಿರಿ. ಬುದ್ಧಿ ಹೇಳುವುದು ಬೇಡ. “ಬಾ, ನಾನೂ ಬರ್ತೀನಿ” ಎನ್ನಿರಿ, ಸಾಕು.