ಮಣ್ಣು ನೋಡದ ಮಂಜೂರಾತಿ

ಸರ್ಕಾರಿ ಕಚೇರಿಯೊಂದಕ್ಕೆ ಎಷ್ಟು ದೂರುಗಳು ಬಂದವು, ಅವುಗಳಲ್ಲಿ ಎಷ್ಟು ವಿಲೇವಾರಿಯಾದವು ಎಂಬ ಲೆಕ್ಕದಿಂದ ಆ ಕಚೇರಿಯ ಕೆಲಸವನ್ನು ತೂಗುವುದು ಈಗ ಹೆಚ್ಚಿನ ಇಲಾಖೆಗಳಲ್ಲಿ ರೂಢಿಗೆ ಬಂದಿದೆ. ತೊಂದರೆಯಾದವರು ದೂರುತ್ತಾರೆ, ದೂರು ಬರದಿದ್ದರೆ ತೊಂದರೆಯೇ ಇಲ್ಲ ಎಂಬ ನಂಬಿಕೆ ಈ ರೂಢಿಯ ಹಿಂದಿದೆ. ಮನೆಯ ಶೌಚಗುಂಡಿಯ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಸಂಡಾಸದ ಬಗ್ಗೆ ಪಂಚಾಯಿತಿಗೆ ಹೋಗುವ ತಕರಾರು ಬಹುಪಾಲು ಹಣದ್ದು, ಪಟ್ಟಿಯದ್ದು, ಫೋಟೊದ್ದು. ನೆಲದೊಳಗೆ ಹೋದದ್ದರ ಬಗೆಗಿನ ತಕರಾರಿಗೆ ಅಲ್ಲಿ ಸಲ್ಲುವ ಜಾಗವೇ ಇಲ್ಲ. ಕಚೇರಿ ಏನನ್ನು ದಾಖಲಿಸಲು ಒಪ್ಪಿಕೊಂಡಿದೆಯೋ ಅದರ ಬಗ್ಗೆ ಮಾತ್ರ ನಾಗರಿಕನು ದೂರಬಲ್ಲನು. ಉಳಿದದ್ದನ್ನು ಅವನು ತನ್ನ ಹಣೆಬರಹವೆಂದೋ ನೆರೆಯವನ ಜಗಳವೆಂದೋ ಭಾವಿಸಿ ಸುಮ್ಮನಾಗುತ್ತಾನೆ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಗ್ರಾಮೀಣ ಭಾಗದಲ್ಲಿ ಶೌಚಾಲಯ ಕಟ್ಟಿಸಿಕೊಂಡ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಕೊಡುವ, ಅದರಲ್ಲಿ ಶೇ 60ನ್ನು ಕೇಂದ್ರವೂ ಶೇ 40ನ್ನು ರಾಜ್ಯವೂ ಭರಿಸುವ ಏರ್ಪಾಡು ಬಂದಿತು. ಅರ್ಹ ಕುಟುಂಬಗಳನ್ನು ಗುರುತಿಸಲು 2012ರ ಮೂಲ ಸಮೀಕ್ಷೆಯನ್ನು ಆಧಾರವಾಗಿ ಹಿಡಿಯಲಾಯಿತು. ಆ ಸಮೀಕ್ಷೆಯ ನಂತರ ಅಣ್ಣತಮ್ಮಂದಿರು ಬೇರೆಯಾಗಿ ಹೂಡಿದ ಮನೆಗಳು ಇಂಥ ಪಟ್ಟಿಯಲ್ಲಿ ಸಿಗುವುದಿಲ್ಲ. ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗಿ ಮನೆಗೆ ಬೀಗ ಹಾಕಿದವರೂ, ಊರಿನ ಗಾವಠಾಣದಿಂದ ದೂರ ತೋಟದ ವಸ್ತಿಗಳಲ್ಲಿ ಇರುವವರೂ ಇಂಥ ಎಣಿಕೆಗಳಿಂದ ಸುಲಭವಾಗಿ ತಪ್ಪಿಹೋಗುವ ಜನ. ಪಟ್ಟಿಯಲ್ಲಿದ್ದವರು ಕಟ್ಟಿದ್ದಕ್ಕೆ ಪುರಾವೆಯಾಗಿ, ಸ್ಥಳದ ಅಕ್ಷಾಂಶ ರೇಖಾಂಶಗಳು ತಾವಾಗಿಯೇ ದಾಖಲಾಗುವ ಜಿಯೋ ಟ್ಯಾಗ್ ಫೋಟೊ ಬೇಕಾಯಿತು. ಆ ಫೋಟೊದಲ್ಲಿ ಗೋಡೆ, ಬಾಗಿಲು, ಬಾಗಿಲ ಮುಂದೆ ನಿಂತ ಯಜಮಾನ ಕಾಣುತ್ತಾರೆ. ಗುಂಡಿ ಎಷ್ಟು ಆಳವಿದೆ, ಒಂದೇ ಇದೆಯೋ ಎರಡಿವೆಯೋ, ಬಾವಿಯಿಂದ ಎಷ್ಟು ದೂರದಲ್ಲಿದೆ ಎಂಬುದು ಅದರಲ್ಲಿ ಕಾಣುವಂಥದ್ದಲ್ಲ.

ಹಳ್ಳಿಯಲ್ಲಿ ಮನೆ ಕಟ್ಟುವವರು 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಅನುಮತಿಯನ್ನೂ, ಈ ನಾಲ್ಕೂ ಪಟ್ಟಣಗಳಲ್ಲಿ ಕಟ್ಟುವವರು 1964ರ ಪುರಸಭೆಗಳ ಕಾಯ್ದೆಯಂತೆ ಪುರಸಭೆಯ ಪರವಾನಗಿಯನ್ನೂ ಪಡೆಯಬೇಕು. ಅರ್ಜಿಯ ಜೊತೆ ಜಾಗದ ಹಕ್ಕು ತೋರಿಸುವ ಉತಾರ, ತೆರಿಗೆ ಪಾವತಿಯ ರಸೀದಿ, ನಕ್ಷೆ ಇರಬೇಕು. ನಕ್ಷೆಯ ಒಂದು ಮೂಲೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಬರೆದ ಸಣ್ಣ ಚೌಕವಿರುತ್ತದೆ. ಅದನ್ನು ಅಳೆದು ನೋಡುವ ಹೊತ್ತು ಎಂದರೆ ಟ್ಯಾಂಕಿನ ಮೇಲೆ ಫರಸಿ ಬೀಳುವ ಮೊದಲಿನ ಕೆಲವು ದಿನಗಳು ಮಾತ್ರ. ಕಾಗದದ ಮೇಲೆ ನಡೆಯುವ ಮಂಜೂರಾತಿಗೆ ಆ ದಿನಗಳ ಗೊಡವೆಯಿಲ್ಲ.

ಇಲ್ಲಿ ಎರಡು ಬಗೆಯ ರಚನೆಗಳನ್ನು ಬೇರೆಯಾಗಿ ತಿಳಿಯುವುದು ಅಗತ್ಯ. ಸೆಪ್ಟಿಕ್ ಟ್ಯಾಂಕ್ ಎಂಬುದು ತಳವೂ ಗೋಡೆಯೂ ನೀರು ಸೋರದಂತೆ ಕಟ್ಟಿದ ತೊಟ್ಟಿ. ಘನ ಭಾಗ ತಳಕ್ಕೆ ಕೂತು ಗಾಳಿಯಿಲ್ಲದೆ ಕೊಳೆಯುತ್ತದೆ, ಮೇಲಿನ ನೀರು ಪಕ್ಕದ ಇಂಗುಗುಂಡಿಗೆ ಹೋಗುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಕೆಸರನ್ನು ತೆಗೆಸಬೇಕಾಗುತ್ತದೆ. ಭಾರತೀಯ ಮಾನಕವಾದ ಐಎಸ್ 2470 ಇದಕ್ಕೆ ಕನಿಷ್ಠ 75 ಸೆಂಟಿಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ, 1,000 ಲೀಟರ್ ಹಿಡಿತವನ್ನು ನಿಗದಿ ಮಾಡಿದೆ. ಅಭಿಯಾನವು ಹಳ್ಳಿಗಳಿಗೆ ಶಿಫಾರಸು ಮಾಡಿದ ಜೋಡಿ ಗುಂಡಿ ಇದಕ್ಕಿಂತ ಬೇರೆ. ಅದರ ಗೋಡೆಯಲ್ಲಿ ಬೇಕೆಂದೇ ಕಿಂಡಿಗಳನ್ನು ಬಿಡಲಾಗುತ್ತದೆ, ನೀರು ಸುತ್ತಲಿನ ಮಣ್ಣಿಗೆ ಇಂಗುತ್ತದೆ, ಒಂದು ಗುಂಡಿ ತುಂಬಿದ ಮೇಲೆ ಮಲವನ್ನು ಇನ್ನೊಂದಕ್ಕೆ ತಿರುಗಿಸಿ ಮೊದಲನೆಯದನ್ನು ಒಂದೂವರೆ ಎರಡು ವರ್ಷ ಮುಚ್ಚಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಆದರೆ ಜನ ಹೆಚ್ಚಾಗಿ ಕಟ್ಟಿಸುವುದು ಈ ಎರಡೂ ಅಲ್ಲದ ಮೂರನೆಯದನ್ನು, ಅಂದರೆ ತಳವಿಲ್ಲದ, ಬೇಗ ತುಂಬದಿರಲಿ ಎಂದು ಬಹಳ ಆಳಕ್ಕೆ ತೋಡಿಸಿದ, ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುವ ಒಂದು ಗುಂಡಿಯನ್ನು. ಆಳವಾದಷ್ಟೂ ಅದು ಅಂತರ್ಜಲಕ್ಕೆ ಹತ್ತಿರವಾಗುತ್ತದೆ ಎಂಬುದು ಮನೆಯವರಿಗೆ ಲಾಭವಾಗಿಯೇ ತೋರುತ್ತದೆ, ಏಕೆಂದರೆ ಗುಂಡಿ ತುಂಬುವುದೇ ಇಲ್ಲ.

ಈ ಸೀಮೆಯ ಮಣ್ಣು ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಇಲ್ಲಿನ ಬಹುಭಾಗ ಎರೆಭೂಮಿ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುವ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳಿದ್ದಾಗ ಗುಂಡಿಯ ನೀರು ಮಣ್ಣಿನಲ್ಲಿ ಸೋಸಿಹೋಗುವುದಿಲ್ಲ, ಬಿರುಕಿನ ದಾರಿ ಹಿಡಿದು ನೇರವಾಗಿ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ ಮುಚ್ಚಿಕೊಂಡಾಗ ನೀರು ಇಂಗುವುದೇ ನಿಂತು, ಗುಂಡಿ ತುಂಬಿ ಮೇಲಕ್ಕೆ ಬಂದು ಗಟಾರ ಸೇರುತ್ತದೆ. ಬೇಸಿಗೆಯಲ್ಲಿ ಕಟ್ಟಿ, ಬೇಸಿಗೆಯಲ್ಲೇ ಫೋಟೊ ತೆಗೆದ ಗುಂಡಿ ಶ್ರಾವಣದಲ್ಲಿ ಹೇಗಿರುತ್ತದೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಎರೆಮಣ್ಣಿನಲ್ಲಿ ಜೋಡಿ ಗುಂಡಿ ಕಟ್ಟುವಾಗ ಅದರ ಗೋಡೆಯ ಹೊರಸುತ್ತಿಗೆ 30 ಸೆಂಟಿಮೀಟರ್ ದಪ್ಪ ಉಸುಕು ಅಥವಾ ಗರಸು ತುಂಬಬೇಕೆಂದು ತಾಂತ್ರಿಕ ಕೈಪಿಡಿಗಳು ಹೇಳುತ್ತವೆ. ಎಲ್ಲ ಮಣ್ಣಿಗೂ ಒಂದೇ ದರದಲ್ಲಿ ಬರುವ ಪ್ರೋತ್ಸಾಹಧನದಲ್ಲಿ ಈ ಉಸುಕಿನ ಖರ್ಚಿಗೆ ಬೇರೆ ಲೆಕ್ಕವಿಲ್ಲ, ಉಸುಕೂ ಈಗ ಅಗ್ಗದ ಸಾಮಾನಲ್ಲ. ತಾಳಿಕೋಟೆ ಸುತ್ತಲಿನ ಸುಣ್ಣಕಲ್ಲಿನ ನೆಲದಲ್ಲಿ ಬಿರುಕುಗಳು ಕಲ್ಲಿನಲ್ಲೇ ಇವೆ. ಆಲಮಟ್ಟಿಯ ಹಿನ್ನೀರಿನ ಬದಿಯಲ್ಲೂ, ಇಂಡಿ ಶಾಖಾ ಕಾಲುವೆಯಂಥ ಕಾಲುವೆಗಳ ಕೆಳಗೂ ಅಂತರ್ಜಲ ಮೇಲೇರಿದಲ್ಲಿ ಗುಂಡಿಯ ತಳವೇ ನೀರಿನಲ್ಲಿ ಮುಳುಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಬಾವಿಗೂ ಗುಂಡಿಗೂ ನಡುವೆ ಇರಬೇಕಾದ ಅಂತರಕ್ಕೆ ಅರ್ಥವೇ ಉಳಿಯುವುದಿಲ್ಲ. ಒಂದೇ ನಕ್ಷೆ, ಒಂದೇ ಮೊತ್ತ, ಒಂದೇ ಫೋಟೊ ಈ ನಾಲ್ಕೂ ನೆಲಗಳಿಗೆ ಸಾಲುತ್ತದೆ ಎಂದುಕೊಂಡದ್ದರಲ್ಲಿ ಮೂಲ ದೋಷವಿದೆ.

ನೆಲ ನೋಡಿಯೇ ಅನುಮತಿ ಕೊಡುವ ಕ್ರಮ ಬೇರೆಡೆ ಇದೆ. ಅಮೆರಿಕದಲ್ಲಿ ಐದರಲ್ಲಿ ಒಂದಕ್ಕೂ ಹೆಚ್ಚು ಮನೆಗಳು ಇಂದಿಗೂ ಸೆಪ್ಟಿಕ್ ವ್ಯವಸ್ಥೆಯನ್ನೇ ನಂಬಿವೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ, ನಮ್ಮ ಜಿಲ್ಲೆಗೆ ಸ್ಥೂಲವಾಗಿ ಹೋಲಿಸಬಹುದಾದ ಕೌಂಟಿ ಎಂಬ ಘಟಕದ ಆರೋಗ್ಯ ಇಲಾಖೆ ಮೊದಲು ಮಣ್ಣನ್ನು ಪರೀಕ್ಷಿಸಿ, ಆ ಜಾಗದಲ್ಲಿ ನೀರು ಇಂಗುವ ವೇಗವನ್ನು ನೋಡಿ, ಆಮೇಲೆ ಪರವಾನಗಿ ಕೊಡುತ್ತದೆ. ಜನರು ಅಲ್ಲಿಯೂ ದೂರುತ್ತಾರೆ, ಪರೀಕ್ಷಕರು ತಡ ಮಾಡುತ್ತಾರೆಂದೋ ಪಕ್ಕದವನಿಗೆ ಕೊಟ್ಟದ್ದನ್ನು ತಮಗೆ ನಿರಾಕರಿಸಿದರೆಂದೋ. ಆ ತಕರಾರಿಗೆ ಒಂದು ಆಧಾರವಿರುತ್ತದೆ, ಏಕೆಂದರೆ ಯಾರೋ ಒಬ್ಬರು ಸ್ಥಳಕ್ಕೆ ಬಂದು ನೋಡಿ ಸಹಿ ಮಾಡಿರುತ್ತಾರೆ, ಆ ಸಹಿಯನ್ನು ಪ್ರಶ್ನಿಸಬಹುದು. ಇಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಗುಂಡಿಯ ಅನುಮತಿಯಲ್ಲಿ ಪಾತ್ರವಿಲ್ಲ. ವಾಂತಿಭೇದಿ ಕಾಣಿಸಿಕೊಂಡ ಮೇಲೆ ಊರಿಗೆ ಬರುವವರು ಅವರು.

ಕರ್ನಾಟಕದಲ್ಲಿ ದೂರಿನ ದಾರಿಗಳು ಕಡಿಮೆಯಿವೆ ಎಂದು ಯಾರೂ ಹೇಳಲಾರರು. 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, ಜನರ ಬಾಯಲ್ಲಿ ಸಕಾಲ, ನಿಗದಿತ ದಿನಗಳಲ್ಲಿ ಸೇವೆ ಕೊಡದ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ ಕೊಡಿಸುತ್ತದೆ. ಗ್ರಾಮಸಭೆಯಿದೆ, ಪಂಚಾಯಿತಿಯ ಲೆಕ್ಕವನ್ನು ಜನರೆದುರು ಓದುವ ಜಮಾಬಂದಿಯಿದೆ, ಜನಸ್ಪಂದನವಿದೆ, ಮಾಹಿತಿ ಹಕ್ಕಿದೆ, ಲೋಕಾಯುಕ್ತವಿದೆ. ಸಕಾಲ ದೊಡ್ಡ ಸುಧಾರಣೆಯೇ ಹೌದು, ಆದರೆ ಅದು ಅಳೆಯುವುದು ದಿನಗಳನ್ನು. ಪರವಾನಗಿ ಗಡುವಿನೊಳಗೆ ಸಿಕ್ಕಿತೆಂದರೆ ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು. ನೋಡದೆ ಕೊಟ್ಟ ಪರವಾನಗಿ ಬೇಗ ಸಿಗುವುದರಿಂದ ಅಂಥ ಕಚೇರಿಯೇ ಉತ್ತಮ ಸ್ಥಾನ ಪಡೆಯುವುದೂ ಅಸಾಧ್ಯವೇನಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಈ ದಾರಿಗಳೆಲ್ಲ ಅರ್ಜಿದಾರನಿಗಾಗಿ ಇರುವಂಥವು, ಆದರೆ ಗುಂಡಿಯಿಂದ ಕೆಡುಕಾಗುವುದು ಅರ್ಜಿ ಹಾಕದ ನೆರೆಯವನಿಗೆ. ಅವನ ಬೋರಿನ ನೀರು ವಾಸನೆ ಬಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಬಳಿ ಹೋಗಿ ಹೇಳಬಹುದಾದದ್ದು ಬಾಯಿಮಾತಿನ ಜಗಳ, ಅಷ್ಟೇ.

ಈ ಜಗಳಕ್ಕೆ ಪುರಾವೆ ಒದಗಿಸುವ ಸಾಧನ ದುಬಾರಿಯದ್ದೇನಲ್ಲ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯೆಂದು ಕರೆಯುವ ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದಲ್ಲಿ ನೀರು ಕಪ್ಪಾಗುತ್ತದೆ. ಬಾಟಲಿ ಕಪ್ಪಾದಾಗ ಆಗುವ ಕೆಲಸವೆಂದರೆ ಮೂಲದ ಮೇಲೆ ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಅಥವಾ ಕ್ಲೋರಿನ್ ಪುಡಿ. ಸುತ್ತಲಿನ ಮನೆಗಳ ಗುಂಡಿಗಳಿಗೆ ಯಾರು ಯಾವಾಗ ಅನುಮತಿ ಕೊಟ್ಟರೆಂಬ ಕಡತದ ಜೊತೆ ಆ ಫಲಿತಾಂಶವನ್ನು ಇಟ್ಟು ನೋಡುವ ಕರ್ತವ್ಯ ಯಾವ ಒಂದು ಕಚೇರಿಗೂ ಬರುವುದಿಲ್ಲ.

ಪರವಾನಗಿಯನ್ನು ಬಿಗಿ ಮಾಡಿದರೆ ಬಡವರಿಗೆ ಕಷ್ಟವಾಗುತ್ತದೆ, ಇನ್ನೊಂದು ಸಹಿ ಎಂದರೆ ಇನ್ನೊಂದು ಲಂಚ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಕತ್ತಲಾಗುವುದನ್ನು ಕಾದು ತಂಬಿಗೆ ಹಿಡಿದು ಬಯಲಿಗೆ ಹೋಗಬೇಕಿದ್ದ ಹೆಣ್ಣುಮಕ್ಕಳ ಪಾಲಿಗೆ ದೋಷವುಳ್ಳ ಗುಂಡಿಯೂ ಬಿಡುಗಡೆಯೇ ಆಗಿತ್ತು. ಮಣ್ಣಿನ ಪರೀಕ್ಷೆಯಾಗುವವರೆಗೆ ಕಾಯಿರಿ ಎಂದು ಅವರಿಗೆ ಹೇಳುವ ನೈತಿಕ ಅಧಿಕಾರ ಯಾರಿಗೂ ಇರಲಿಲ್ಲ. ಆದರೆ ಈ ವಾದ ಬಯಲು ಬಹಿರ್ದೆಸೆ ವ್ಯಾಪಕವಾಗಿದ್ದ ಕಾಲಕ್ಕೆ ಹೊಂದುವಂಥದ್ದು. 2020ರಲ್ಲಿ ಮೊದಲಾದ ಅಭಿಯಾನದ ಎರಡನೆಯ ಹಂತವೇ ದ್ರವತ್ಯಾಜ್ಯ ಮತ್ತು ಮಲಕೆಸರಿನ ನಿರ್ವಹಣೆಯನ್ನು ತನ್ನ ಗುರಿಗಳಲ್ಲಿ ಸೇರಿಸಿಕೊಂಡಿದೆ. ಬೇಕಾಗಿರುವುದು ಇನ್ನಷ್ಟು ಕಾಗದಪತ್ರವಲ್ಲ. ಅಗೆತದ ದಿನ ಒಬ್ಬರು ಸ್ಥಳಕ್ಕೆ ಬಂದು, ಒಂದು ಸಣ್ಣ ತಗ್ಗು ತೋಡಿ ನೀರು ಹಾಕಿ ಅದು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡಿ, ಬಾವಿಯವರೆಗಿನ ಅಂತರವನ್ನು ಅಳೆದು, ಆ ಎರಡು ಅಂಕಿಗಳನ್ನು ಹೆಸರು ಸಹಿತ ಬರೆಯುವುದು ಬೇಕಾಗಿದೆ. ಉತಾರ ಇಲ್ಲದ ತೋಟದ ವಸ್ತಿಗೂ ಈ ಭೇಟಿ ಸಿಗಬೇಕು, ಏಕೆಂದರೆ ಜಾಗದ ಹಕ್ಕಿನ ಪ್ರಶ್ನೆಗೂ ನೆಲದೊಳಗಿನ ನೀರಿಗೂ ಸಂಬಂಧವಿಲ್ಲ.

ತುಂಬಿದ ಟ್ಯಾಂಕಿನ ಕಥೆ ಬೇರೆಯೇ ಆದರೂ ಅದರ ಬೇರು ಇದೇ ನೋಡದ ಮಂಜೂರಾತಿಯಲ್ಲಿದೆ. ಹೀರುವ ಯಂತ್ರದ ಪೈಪು ತಲುಪದ ಸಂದಿಯಲ್ಲಿ, ತೆಗೆಯಲು ಮುಚ್ಚಳವೇ ಇಲ್ಲದಂತೆ ಕಟ್ಟಿದ ಟ್ಯಾಂಕು ಕೊನೆಗೆ ಮನುಷ್ಯನನ್ನು ಒಳಗಿಳಿಸುವ ಸ್ಥಿತಿಯನ್ನು ತರುತ್ತದೆ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಹೀಗೆ ಇಳಿಸುವುದನ್ನು ನಿಷೇಧಿಸಿದೆ. ಹೀಗೆ ಇಳಿದವರ ಸಾವಿಗೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿದ್ದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರದಿಂದಲೇ ಹೀರಿದ ಕೆಸರನ್ನು ಎಲ್ಲಿ ಸುರಿಯಬೇಕೆಂಬುದಕ್ಕೆ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲಕೆಸರು ಸಂಸ್ಕರಣಾ ಘಟಕ ಒಂದು ಉತ್ತರ ಕೊಟ್ಟಿದೆ. ಘಟಕ ದೂರವಿದ್ದಲ್ಲಿ ಡೀಸೆಲ್ ಉಳಿಸಲು ಗಾಡಿಯವನು ಹತ್ತಿರದ ಹಳ್ಳವನ್ನು ಹುಡುಕುತ್ತಾನೆ, ಹಳ್ಳದ ಪರವಾಗಿ ದೂರು ಕೊಡಲು ಯಾರೂ ಬರುವುದಿಲ್ಲ.

ನಿಜಕ್ಕೂ ಗುಂಡಿಯ ಆಕಾರವನ್ನು ನಿರ್ಧರಿಸುವವನು ಗೌಂಡಿ. ಕಿಂಡಿ ಬಿಡಬೇಕೋ ಬೇಡವೋ, ತಳಕ್ಕೆ ಕಾಂಕ್ರೀಟು ಹಾಕಬೇಕೋ ಬೇಡವೋ, ಉಸುಕು ತುಂಬಬೇಕೋ ಬೇಡವೋ ಎಂಬ ತೀರ್ಮಾನಗಳನ್ನು ಅವನು ಮನೆಯವರ ಕೈಯಲ್ಲಿರುವ ದುಡ್ಡು ನೋಡಿ ಅಲ್ಲೇ ಮಾಡುತ್ತಾನೆ. ಕಡತದಲ್ಲಿ ಮಾತ್ರ ಅವನ ಸುಳಿವೇ ಇರುವುದಿಲ್ಲ. ಗೌಂಡಿಯ ಹೆಸರನ್ನೂ ಸ್ಥಳ ನೋಡಿದವರ ಹೆಸರನ್ನೂ ಗುಂಡಿಯ ಅಳತೆಯನ್ನೂ ಒಂದೇ ವಹಿಯಲ್ಲಿ ಬರೆದು, ಮುಂದೆ ಆ ಗುಂಡಿಯ ಬಗ್ಗೆಯೋ ಪಕ್ಕದ ಬಾವಿಯ ಬಗ್ಗೆಯೋ ಯಾರೇ ಬಂದು ದೂರಿದರೂ ಅದೇ ಪುಟದಲ್ಲಿ ಸೇರಿಸುತ್ತ ಹೋದರೆ, ಊರಿನ ಯಾವ ಓಣಿಯಲ್ಲಿ ಯಾವ ಬಗೆಯ ಗುಂಡಿ ಮಳೆಗಾಲದಲ್ಲಿ ಕೈಕೊಡುತ್ತದೆ ಎಂಬುದು ಕೆಲವು ವರ್ಷಗಳಲ್ಲಿ ಪಂಚಾಯಿತಿಗೆ ಗೊತ್ತಾಗುತ್ತದೆ, ಹೊಸ ಅರ್ಜಿ ಬಂದಾಗ ಪಿಡಿಒ ಮೊದಲು ತೆರೆಯಬೇಕಾದದ್ದು ಆ ವಹಿಯನ್ನೇ.