ಹದಿನೈದಾದರೆ ಗುಜರಿಯೇ? ಗಡಿ ಲಾರಿಗಳ ಆಯುಷ್ಯದ ಲೆಕ್ಕವೇ ಬೇರೆ

ಗಡಹಿಂಗ್ಲಜ: ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಗಡಿಭಾಗದ ಲಾರಿ ಮಾಲೀಕರ ಮನೆಗಳಲ್ಲಿ ಒಂದೇ ಮಾತು, ಈ ಸಲ ಗಾಡಿ ಪಾಸಿಂಗ್ ಆಗ್ತದೋ ಇಲ್ಲೋ? ನೂಲ, ಹಲಕರ್ಣಿ ಕಡೆಯ ಕನ್ನಡ ಮನೆಗಳಿಗೆ ಒಂದು ಹಳೇ ಲಾರಿ ಅಂದ್ರೆ ಎರಡು ಎಕರೆ ನೀರಾವರಿ ಇದ್ದಂಗ. ಮಕ್ಕಳ ಶಾಲೆ, ಸೊಸೈಟಿ ಕಂತು ಎಲ್ಲಾ ಅದರ ಮೇಲೇ. ಇಂಥಲ್ಲಿ ‘ಹದಿನೈದು ವರ್ಷ ಆದ್ರೆ ಗಾಡಿ ಗುಜರಿಗೇ’ ಎಂಬ ಮಾತು ಊರೂರು ಸುತ್ತಿದರೆ ಎದೆ ಝಲ್ಲೆನ್ನದೆ ಇರುತ್ತದೆಯೇ?

ಆದರೆ ಆ ಮಾತು ಪೂರ್ತಿ ನಿಜವಲ್ಲ. 2021ರ ಆಗಸ್ಟ್ 13ರಂದು ಪ್ರಧಾನಿ ನರೇಂದ್ರ ಮೋದಿ ಚಾಲನೆ ಕೊಟ್ಟ ಗುಜರಿ ನೀತಿಯು ಖಾಸಗಿ ಲಾರಿಗೆ ವಯಸ್ಸಿನ ಗಡುವು ಹಾಕಿಲ್ಲ. ತಪಾಸಣೆಯಲ್ಲಿ ಫೇಲಾದ ಗಾಡಿ ಮಾತ್ರ ರಸ್ತೆ ಬಿಡಬೇಕು. ಹದಿನೈದಕ್ಕೆ ಕಡ್ಡಾಯ ನಿವೃತ್ತಿ ಬಂದದ್ದು ಸರ್ಕಾರಿ ವಾಹನಗಳಿಗೆ, ಅದೂ 2023ರ ಏಪ್ರಿಲ್ 1ರಿಂದ. ಹತ್ತು ವರ್ಷದ ಡೀಸೆಲ್ ನಿಯಮ ಹುಟ್ಟಿದ್ದು 2015ರಲ್ಲಿ, ಹಸಿರು ನ್ಯಾಯಮಂಡಳಿಯ ಆದೇಶದಿಂದ. ಅದು ದಿಲ್ಲಿ ಸುತ್ತಮುತ್ತಲಿಗೆ. ಕೊಲ್ಹಾಪುರ ಜಿಲ್ಲೆಗೂ ಅದಕ್ಕೂ ಸಂಬಂಧವಿಲ್ಲ.

ನಿಜವಾದ ಕತ್ತರಿ ಇರುವುದು ಬೇರೆ ಕಡೆ, ಅದೂ ಗಡಿಯಲ್ಲೇ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 88ನೇ ನಿಯಮದಂತೆ 12 ವರ್ಷ ಮೀರಿದ ಸಾದಾ ಎರಡು ಆ್ಯಕ್ಸಲ್ ಲಾರಿಗೆ ನ್ಯಾಷನಲ್ ಪರ್ಮಿಟ್ ಸಿಗದು. ಬಹು ಆ್ಯಕ್ಸಲ್ ಗಾಡಿಗೆ 15 ವರ್ಷ. ಇದರ ಬಿಸಿ ಮೊದಲು ತಟ್ಟುವುದು ಇಚಲಕರಂಜಿಗೆ. ಮಗ್ಗಗಳಿಗೆ ತಮಿಳುನಾಡಿನ ನೂಲು ತರುವ, ನೇಯ್ದ ಬಟ್ಟೆಯನ್ನು ಅಹಮದಾಬಾದ್, ರಾಜಸ್ಥಾನಕ್ಕೆ ಒಯ್ಯುವ ಲಾರಿ ಹನ್ನೆರಡು ತುಂಬಿದ ಮೇಲೆ ಆ ದೂರದ ದಾರಿ ಬಿಡಲೇಬೇಕು. ಆಗ ಅದು ಎರಡನೇ ಮಾಲೀಕನ ಕೈ ಸೇರಿ ಇಟ್ಟಿಗೆ, ಗೊಬ್ಬರ, ಕಬ್ಬು ಹೊರಲು ಶುರುಮಾಡುತ್ತದೆ. ಗಡಿ ಹಳ್ಳಿಗಳ ಅಂಗಳದಲ್ಲಿ ನಿಂತ ಎಷ್ಟೋ ಗಾಡಿಗಳ ಕಥೆ ಇದೇ.

ಈ ಎರಡನೇ ಬಾಳಿನಲ್ಲಿ ಕ್ಯಾಲೆಂಡರ್ ಲೆಕ್ಕ ಹೊಂದುವುದಿಲ್ಲ. ದೂರದ ರೂಟಿನಲ್ಲಿ ದಿನಕ್ಕೆ 300 ಕಿ.ಮೀ. ಓಡುವ ಗಾಡಿ ವರ್ಷಕ್ಕೆ ಹೆಚ್ಚುಕಮ್ಮಿ ಲಕ್ಷ ಕಿ.ಮೀ. ಮುಟ್ಟುತ್ತದೆ. ಕಬ್ಬಿನ ಗಾಡಿ ದಿನಕ್ಕೆ ನೂರು ಎಂದೇ ಹಿಡಿದರೂ ಐದು ತಿಂಗಳಿಗೆ 15 ಸಾವಿರ. ಉಳಿದ ದಿನ ಮನೆ ಮುಂದೆ ನಿಂತಿರುತ್ತದೆ. ಆದ್ರೆ ಅದೇ ಗಾಡಿಯ ಮೇಲೆ ಮಿತಿ ಮೀರಿ ಕಬ್ಬು ಹೇರಿ, ಹೊಲದ ಕೊರಕಲು ದಾರಿಯಲ್ಲಿ ಎಳೆದಾಡುತ್ತಾರೆ. ಕಿ.ಮೀ. ಕಮ್ಮಿ ಆದರೂ ಚಾಸಿಯ ಸೊಂಟ ಮುರಿಯುವುದು ಅಲ್ಲೇ. ಆಯುಷ್ಯ ಹೆಚ್ಚಬೇಕಾದರೆ ಮೊದಲು ಹೊರೆ ಇಳಿಯಬೇಕು. ಇದನ್ನು ಮಾಲೀಕರೂ ಒಪ್ಪುತ್ತಾರೆ, ಟನ್ನಿನ ಮೇಲೆ ಬಾಡಿಗೆ ಇರುವತನಕ ಕೇಳುವವರು ಯಾರು?

ರಿಪೇರಿಯ ಮಟ್ಟಿಗೆ ಈ ಭಾಗ ಅದೃಷ್ಟವಂತ. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಇಂಜಿನ್ ಬೋರಿಂಗ್‌ನಿಂದ ಹಿಡಿದು ಎಲ್ಲ ಲೇಥ್ ಕೆಲಸ ಆಗುತ್ತದೆ. ಶಿರೋಲಿ, ಗೋಕುಳ ಶಿರಗಾಂವ, ಕಾಗಲದ ಫೌಂಡ್ರಿಗಳು ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತವೆ. ಗುಜರಿಗೆ ಹೋದ ಗಾಡಿಯ ಕಬ್ಬಿಣ ಬೇಕಾಗುವುದೂ ಇಂಥ ಕುಲುಮೆಗಳಿಗೇ! 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿ ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡಬೇಕು. ಹಳೇ ಇಂಜಿನ್ನಿಗೆ ಊರ ಮಿಸ್ತ್ರಿಯೇ ಸಾಕು. ಹಳೇ ಗಾಡಿ ಬಿಡಲು ಮನಸ್ಸು ಬಾರದಿರುವುದಕ್ಕೆ ಇದೂ ಒಂದು ಕಾರಣ.

ಈಗ ಶುಲ್ಕದ ಮಾತು. 15 ವರ್ಷ ಮೀರಿದ ಭಾರಿ ವಾಹನದ ಫಿಟ್ನೆಸ್ ನವೀಕರಣಕ್ಕೆ 2022ರ ಏಪ್ರಿಲ್ 1ರಿಂದ 12,500 ರೂ. ನಿಗದಿಯಾಯಿತು. 2025ರ ನವೆಂಬರ್ ತಿದ್ದುಪಡಿಯಲ್ಲಿ 20 ವರ್ಷ ಮೀರಿದ ಲಾರಿಗೆ 25,000 ರೂ. ಎಂದಾಯಿತು, ಹೆಚ್ಚಿನ ಶುಲ್ಕ ಹತ್ತನೇ ವರ್ಷದಿಂದಲೇ ಶುರು. ಎಂಟು ವರ್ಷ ದಾಟಿದ ಗಾಡಿಗೆ ಪಾಸಿಂಗ್ ಪ್ರತಿ ವರ್ಷದ್ದು. ಹೀಗಾಗಿ ಹೊಡೆತ ಬೀಳುವುದು ಗಾಡಿಯ ಚಿಗುರು ಕಾಲದಲ್ಲಿ ಗಳಿಸಿದ ಮೊದಲ ಮಾಲೀಕನಿಗಲ್ಲ, ಐದು ತಿಂಗಳ ದುಡಿಮೆಯ ಎರಡನೆಯವನಿಗೆ. ಅಷ್ಟೇ ದುಡ್ಡಿನಲ್ಲಿ ಬ್ರೇಕ್ ಡ್ರಮ್, ಲೈನಿಂಗ್ ಬದಲಿಸಬಹುದಿತ್ತಲ್ಲ? ಶುಲ್ಕ ಬ್ರೇಕನ್ನು ಪರೀಕ್ಷಿಸುವುದಿಲ್ಲ. ಅದನ್ನು ಮಾಡಬೇಕಾದದ್ದು ಯಂತ್ರದ ತಪಾಸಣಾ ಕೇಂದ್ರ. ಭಾರಿ ವಾಹನಗಳಿಗೆ ಅದು 2023ರ ಏಪ್ರಿಲ್‌ಗೆ ಕಡ್ಡಾಯ ಎಂದಿದ್ದು 2024ರ ಅಕ್ಟೋಬರ್ 1ಕ್ಕೆ ಮುಂದೆ ಹೋಯಿತು. ಬ್ರೇಕ್ ಹಿಡಿಯದ ಆರು ವರ್ಷದ ಲಾರಿ ನಿಲ್ಲಲಿ, ಹಿಡಿಯುವ ಹದಿನೆಂಟರದ್ದು ಓಡಲಿ ಎಂಬುದು ನ್ಯಾಯ.

ಗಡಿ ದಾಟುವ ತಾಪತ್ರಯ ಇನ್ನೊಂದು. ಗಡಹಿಂಗ್ಲಜದಿಂದ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ ಹದಿನೈದು ಕಿ.ಮೀ. ಆಸುಪಾಸು. ಆದರೂ ನ್ಯಾಷನಲ್ ಪರ್ಮಿಟ್ ಮುಗಿದ ಮಹಾರಾಷ್ಟ್ರದ ಗಾಡಿಗೆ ಅದು ಪರರಾಜ್ಯ. ಕಾಯ್ದೆಯ 87ನೇ ಕಲಮಿನಲ್ಲಿ ಹಂಗಾಮಿನ ವ್ಯವಹಾರಕ್ಕೆಂದೇ ನಾಲ್ಕು ತಿಂಗಳು ಮೀರದ ತಾತ್ಕಾಲಿಕ ಪರ್ಮಿಟ್‌ಗೆ ಅವಕಾಶವಿದೆ. ಆಚೆ ರಾಜ್ಯದ ಸಮ್ಮತಿ ಇದ್ದರೆ ಅದು ಅಲ್ಲಿಯೂ ನಡೆಯುತ್ತದೆ. ಎರಡೂ ಕಡೆಯ ಸಾರಿಗೆ ಅಧಿಕಾರಿಗಳು ಹಂಗಾಮಿಗೆ ಮುಂಚೆ ಕೂತು ಈ ಸಮ್ಮತಿಯನ್ನು ಒಟ್ಟಾಗಿ ಕೊಟ್ಟರೆ ಮಾಲೀಕರ ಅಲೆದಾಟ ತಪ್ಪೀತು.

ಚಿಕ್ಕೋಡಿ ಕಡೆಯಿಂದ ಹಳೇ ಗಾಡಿ ಕೊಳ್ಳುವ ಈಚೆಯ ಕುಟುಂಬಗಳು ಎನ್‌ಒಸಿ ಕೈಗೆ ಬರುವ ಮೊದಲು ಪೂರಾ ಹಣ ಕೊಡದಿರುವುದು ಲೇಸು. ಬಣ್ಣ ನೋಡಿ ಮರುಳಾಗದೆ ಸ್ಪ್ರಿಂಗ್ ಪಟ್ಟಿ ಕೂಡುವ ಜಾಗದಲ್ಲಿ ಚಾಸಿಗೆ ಬಿರುಕು, ವೆಲ್ಡಿಂಗ್ ಇದೆಯೇ ಎಂದು ಮಿಸ್ತ್ರಿಯಿಂದ ನೋಡಿಸಬೇಕು. ಪಾಸಿಂಗ್ ಕೆಲಸವನ್ನು ಅಕ್ಟೋಬರ್‌ಗೆ ತಳ್ಳದೆ ಗ್ಯಾರೇಜು ಖಾಲಿ ಇರುವ ಮಳೆಗಾಲದಲ್ಲೇ ಮುಗಿಸಿದರೆ, ಗಾಳಿ ಹಾಕಿ ಹಗ್ಗ ಬಿಗಿಯುವುದಷ್ಟೇ ಬಾಕಿ.