ಪ್ಲೇಟ್‌ಲೆಟ್ ಎಷ್ಟು ಅಂತೀರಿ, ಬಾಯಿ ನೋಡಿದ್ದೀರಾ?

ಮಳೆಗಾಲ ಬಂದರೆ ನಮ್ಮ ಹೋಬಳಿಯಲ್ಲಿ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆ?" ಹೋದ ವರ್ಷ ಅವ್ವನಿಗೆ ಡೆಂಗಿ ಬಂದಾಗ ನಾನೂ ಅದನ್ನೇ ಕೇಳುತ್ತಿದ್ದೆ. ಅವ್ವ ಊಟ ಬಿಟ್ಟು ಮೂರು ದಿನವಾಗಿತ್ತು. ಯಾಕೆ ಅಂತ ಕೇಳಿದವರಿಲ್ಲ.

ಕೊನೆಗೆ ಬಾಯಿ ತೆರೆಸಿ ನೋಡಿದ್ದು ಒಬ್ಬ ನರ್ಸಮ್ಮ. ನಾಲಿಗೆ ತುಂಬ ಬಿಳಿ ಪದರ, ಒಸಡು ಊದಿತ್ತು. ಅವ್ವನಿಗೆ ಮೊದಲೇ ಸಕ್ಕರೆ ಕಾಯಿಲೆ. ಜ್ವರದ ಮೊದಲ ದಿನವೇ ಮೆಡಿಕಲ್‌ನಿಂದ ಚೀಟಿ ಇಲ್ಲದೆ ಆಂಟಿಬಯೋಟಿಕ್ ತಂದುಕೊಟ್ಟವನು ನಾನು, ಡಿಪ್ಲೊಮಾ ಓದಿದವನು!

ಡೆಂಗಿ ವೈರಸ್ಸಿನಿಂದ ಬರುವ ಕಾಯಿಲೆ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಬಾಯಿ, ಕರುಳಿನಲ್ಲಿ ನಮಗೆ ಬೇಕಾದ ಬ್ಯಾಕ್ಟೀರಿಯಾವೂ ಅದರ ಜೊತೆ ಸಾಯುತ್ತದೆ. ಆಗ ಬಾಯಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ. ಜ್ವರಕ್ಕೆ ಜೊಲ್ಲು ಬೇರೆ ಒಣಗಿರುತ್ತದೆ. ಬಾಯಿ ಉರಿದರೆ ನೀರು ಕುಡಿಯುವುದು ಹೇಗೆ? ಡೆಂಗಿಯಲ್ಲಿ ಮೈಯ ನೀರು ಕಡಿಮೆಯಾದರೆ ಜೀವಕ್ಕೇ ಕುತ್ತು.

ಅದರ ಮೇಲೆ ಭಯ. ನೋಡಲು ಬಂದವರೆಲ್ಲ ಮಂಚದ ಪಕ್ಕ ಕೂತು, "ಆ ಊರಲ್ಲಿ ಇಬ್ಬರು ಹೋದರಂತೆ" ಅನ್ನುತ್ತಾರೆ. ಹೆದರಿದವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಸಕ್ಕರೆಯೂ ಏರುತ್ತದೆ. ಇದರಲ್ಲಿ ನಮ್ಮ ಕಸುಬಿನ ಪಾಲೂ ಇದೆ. 'ಡೆಂಗಿಗೆ ಬೆಚ್ಚಿದ ತಾಲ್ಲೂಕು' ಅಂತ ಬರೆದಿದ್ದೇನೆ. ಒಸಡಿನ ಬಗ್ಗೆ ಒಂದು ಸಾಲು ಬರೆದಿಲ್ಲ.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮನೆ ಹತ್ತಿರ ಸೊಳ್ಳೆ ಬೆಳೆಯಲು ಬಿಟ್ಟರೆ ಹಳ್ಳಿಯವರಿಗೆ 200 ರೂಪಾಯಿ ದಂಡ ಅಂದಿತು. ಆಗಲಿ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರಬಾರದು ಅನ್ನುವ ಕಾನೂನು ಅದಕ್ಕಿಂತ ಹಳೆಯದು. ಅದಕ್ಕೆ ದಂಡ ಕಟ್ಟಿದ ಅಂಗಡಿಯನ್ನು ನನ್ನ ಹತ್ತು ವರ್ಷದ ವರದಿಗಾರಿಕೆಯಲ್ಲಿ ಕಂಡಿಲ್ಲ. ಬಡವರ ಅಂಗಳದ ತೊಟ್ಟಿ ಮಾತ್ರ ಬೇಗ ಕಣ್ಣಿಗೆ ಬೀಳುತ್ತದೆ.

ಜ್ವರದಲ್ಲಿ ಮಲಗಿದವರಿಗೆ ಬೆಚ್ಚಗಿನ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ. ಮೆತ್ತನೆಯ ಬ್ರಷ್ ಸಾಕು, ಇದ್ದಿಲು ಪುಡಿ ಬೇಡ. ಗಂಜಿ, ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ನೀವಾಗಿಯೇ ಬೇರೆ ನೋವಿನ ಮಾತ್ರೆ ಕೊಡಬೇಡಿ, ರಕ್ತಸ್ರಾವ ಹೆಚ್ಚಬಹುದು. ಒಸಡಿನಲ್ಲಿ ರಕ್ತ, ಬಿಡದ ವಾಂತಿ, ಜೋರು ಹೊಟ್ಟೆನೋವು ಕಂಡರೆ, ಜ್ವರ ಇಳಿದಿದ್ದರೂ ಸರಿ, ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಅವ್ವ ಈಗ ಹುಷಾರಾಗಿದ್ದಾಳೆ. ಮೊನ್ನೆ ಅದೇ ಮೆಡಿಕಲ್ ಮುಂದೆ ನಿಂತಿದ್ದೆ. ಒಬ್ಬ ಹುಡುಗ ಬಂದು "ಅಪ್ಪಂಗೆ ಜ್ವರ" ಅಂದ. ಅದೇ ಮಾತ್ರೆ ಕೊಟ್ಟರು. ಚೀಟಿ ಕೇಳಲಿಲ್ಲ.